ಕಾರಿನ ಕಪ್ಪು ಪ್ಲಾಸ್ಟಿಕ್ ಬಿಳಿಚಿಕೊಂಡರೆ ಏನು ಮಾಡಬೇಕು

ಕಾರಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಬಂಪರಿನ ಕೆಳಭಾಗ, ಚಕ್ರದ ಸುತ್ತಲಿನ ಕಪ್ಪು ಅಂಚು, ಬಾಗಿಲ ಕೆಳಗಿನ ಪಟ್ಟಿ, ವೈಪರ್ ಬುಡದ ಜಾಲರಿ ಇಷ್ಟು ಬಿಳಿಚಿಕೊಂಡರೆ ಸಾಕು, ಇಡೀ ಗಾಡಿ ಹಳತಾಗಿ ಕಾಣುತ್ತದೆ. ಆಗ ಹೆಚ್ಚಿನವರು ಕೈಗೆ ಸಿಕ್ಕಿದ ಎಣ್ಣೆಯನ್ನೋ ಪಾಲಿಶನ್ನೋ ತಂದು ಸವರುತ್ತಾರೆ. ಸವರಿದ ಸಂಜೆ ಮಿರಮಿರ ಮಿಂಚುತ್ತದೆ. ಒಂದು ಮಳೆ ಬಿದ್ದರೆ ಬಾಗಿಲ ಮೇಲೆಲ್ಲ ಕೊಳೆ ನೀರಿನ ಗೆರೆ ಇಳಿದು, ಪ್ಲಾಸ್ಟಿಕ್ ಮೊದಲಿನಂತೆಯೇ ಬೂದು ಬಣ್ಣಕ್ಕೆ ಬರುತ್ತದೆ. ಈ ಕೆಲಸದಲ್ಲಿ ಹಚ್ಚುವುದು ಕೊನೆಯ ಹೆಜ್ಜೆ. ಬಿಳಿಚಿದ್ದು ಯಾಕೆಂದು ನೋಡುವುದು, ಆಮೇಲೆ ಬುಡದಿಂದ ತೊಳೆಯುವುದು, ಇವೆರಡು ಸರಿಯಾಗಿ ಆದರೆ ಮುಕ್ಕಾಲು ಕೆಲಸ ಆದಂತೆ.

ಒದ್ದೆ ಬಟ್ಟೆಯಿಂದ ಅಂಗೈಯಗಲ ಜಾಗ ಒರೆಸಿ ನೋಡಿ. ಒದ್ದೆ ಇರುವಷ್ಟು ಹೊತ್ತು ಕಪ್ಪಗೆ ಕಂಡು, ಒಣಗಿದ ಕೂಡಲೇ ಮತ್ತೆ ಬೂದು ಬಣ್ಣಕ್ಕೆ ತಿರುಗಿದರೆ ಅದು ಬಿಸಿಲಿನ ಪೆಟ್ಟು. ಒದ್ದೆಯಲ್ಲೂ ಬಿಳಿ ಮಚ್ಚೆ ಮಸುಕಾಗಿಯಾದರೂ ಉಳಿದರೆ, ಅದರಲ್ಲೂ ಪೇಂಟಿಗೆ ತಾಗಿದ ಅಂಚಿನಲ್ಲೇ ಉಳಿದರೆ, ಕಾರಿನ ಪೇಂಟಿಗೆ ಉಜ್ಜಿದ ಪಾಲಿಶ್ ಪ್ಲಾಸ್ಟಿಕ್ಕಿನ ತರಿಗಳೊಳಗೆ ಕೂತು ಒಣಗಿದೆ ಎಂದರ್ಥ. ಹನಿಯ ಆಕಾರದ ಬಿಳಿ ವೃತ್ತಗಳಿದ್ದರೆ ಬೋರ್‌ವೆಲ್‌ನ ಗಡಸು ನೀರು ಒಣಗಿ ಬಿಟ್ಟ ಸುಣ್ಣ. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಜಾಲರಿಯ ಸಂದಿಯಲ್ಲಿ, ಮಿರರ್ ಬುಡದಲ್ಲಿ ಹಸಿರು ಕಂಡರೆ ಅದು ಪಾಚಿ. ಒಂದೇ ಗಾಡಿಯಲ್ಲಿ ಈ ನಾಲ್ಕೂ ಇರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಪ್ಲಾಸ್ಟಿಕ್ ಯಾವುದೆಂದು ತಿಳಿದಿದ್ದರೆ ಒಳ್ಳೆಯದು. ಬಿಚ್ಚಿದ ಭಾಗದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪಿಪಿ ಪ್ಲಸ್ ಇಪಿಡಿಎಂ ಎಂದು ಅಚ್ಚಾಗಿರುತ್ತದೆ. ಅಂದರೆ ಪಾಲಿಪ್ರೊಪಿಲೀನ್ ಜೊತೆಗೆ ರಬ್ಬರ್ ಬೆರೆಸಿದ ವಸ್ತು. ಮುಂದೆ ಟಿ20 ಎಂದಿದ್ದರೆ ಶೇಕಡ 20ರಷ್ಟು ಟಾಲ್ಕ್ ಪುಡಿ ಸೇರಿದೆ. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ, ಅದು ಮೇಲೆ ಬಳಿದ ಬಣ್ಣವಲ್ಲ, ತುಂಡಿನ ಉದ್ದಗಲಕ್ಕೂ ಇದೆ. ಬಿಸಿಲಿನ ನೇರಳಾತೀತ ಕಿರಣ ಮೇಲ್ಪದರದ ಪ್ಲಾಸ್ಟಿಕ್ಕನ್ನು ಒಡೆಯುತ್ತಾ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ, ಪುಡಿ ಮೇಲೇಳುತ್ತದೆ. ಆ ಒರಟು ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಬೂದು ಬಣ್ಣ ಕಾಣುತ್ತದೆ. ಒಳಗಿನ ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ. ನೀರು ಹಾಕಿದಾಗ ಕಪ್ಪಾಗುವುದೂ ಇದಕ್ಕೇ, ಬಿರುಕುಗಳನ್ನು ನೀರು ತುಂಬುತ್ತದೆ. ಒಣಗಿ ಹೋಗದ ಪದಾರ್ಥದಿಂದ ಅದೇ ಬಿರುಕು ತುಂಬಿಸುವುದೇ ನಾವು ಮಾಡಬೇಕಾದ ರಿಪೇರಿ.

ತೊಳೆಯುವುದಕ್ಕೆ ಬೆಳಗಿನ ಹೊತ್ತು, ನೆರಳಿನ ಜಾಗ ಬೇಕು. ಕೈಯಿಟ್ಟರೆ ಪ್ಲಾಸ್ಟಿಕ್ ತಣ್ಣಗಿರಬೇಕು, ಬಿಸಿ ಇದ್ದರೆ ಸೋಪಿನ ನೀರು ಅಲ್ಲೇ ಒಣಗಿ ಹೊಸ ಕಲೆ ಆಗುತ್ತದೆ. ಮೊದಲು ಬರೀ ನೀರು ಹಾಯಿಸಿ ಮರಳು, ಕೆಮ್ಮಣ್ಣು ಇಳಿಸಿ. ಆಮೇಲೆ ಕಾರ್ ಶಾಂಪೂ. ಬಟ್ಟೆ ಸೋಪಿನ ಪುಡಿ ಬೇಡ, ಅದರ ಕ್ಷಾರ ಹೆಚ್ಚು, ತರಿಗಳಲ್ಲಿ ಉಳಿದು ತಾನೇ ಬಿಳಿ ಕಲೆಯಾಗುತ್ತದೆ. ಇಷ್ಟರಿಂದ ಮೇಲಿನ ಮಣ್ಣು ಮಾತ್ರ ಹೋಗುತ್ತದೆ. ಒಳಗೆ ಕೂತ ಹಳೆಯ ಎಣ್ಣೆ, ಸಿಲಿಕಾನ್, ಹೊಗೆಯ ಜಿಡ್ಡು ತೆಗೆಯಲು ಆಲ್ ಪರ್ಪಸ್ ಕ್ಲೀನರ್ ಬೇಕು. ಒಂದು ಪಾಲಿಗೆ 10 ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ, ಒಂದು ಮೊಳದಷ್ಟು ಜಾಗಕ್ಕೆ ಸಿಂಪಡಿಸಿ, ಒಂದು ನಿಮಿಷ ಬಿಟ್ಟು, ಮೆತ್ತನೆ ಬ್ರಷ್‌ನಿಂದ ಗೋಲಾಕಾರದಲ್ಲಿ ಉಜ್ಜಿ. ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಹೋಗುತ್ತದೆ. ನೊರೆ ಕಂದು ಅಥವಾ ಕಪ್ಪಾಗಿ ಬರುತ್ತದೆ. ತೊಳೆದು ಮತ್ತೆ ಅದೇ ಜಾಗಕ್ಕೆ ಸಿಂಪಡಿಸಿ ಉಜ್ಜಿ. ನೊರೆ ಬಿಳಿಯಾಗಿಯೇ ಬರುವವರೆಗೆ ಬಿಡಬೇಡಿ. ಹೆಚ್ಚಿನ ಗಾಡಿಗಳಿಗೆ ಎರಡು ಮೂರು ಸಲ ಬೇಕಾಗುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಮುಟ್ಟಿಸಬೇಡಿ. ಅವು ತರಿಯ ತಲೆಗಳನ್ನು ಸವೆಸುತ್ತವೆ, ಸವೆದ ಜಾಗ ಎಂದೆಂದಿಗೂ ಬೇರೆಯಾಗಿಯೇ ಕಾಣುತ್ತದೆ.

ಪಾಲಿಶ್ ಕಲೆಗೆ ಬಿಳಿ ಪೆನ್ಸಿಲ್ ರಬ್ಬರ್ ಒಳ್ಳೆಯ ಸಾಧನ. ಒಣಗಿದ ಪ್ಲಾಸ್ಟಿಕ್ ಮೇಲೆ ಹಗುರವಾಗಿ ಉಜ್ಜಿದರೆ ತರಿಯೊಳಗಿನ ಬಿಳಿ ಪುಡಿ ರಬ್ಬರ್ ಚೂರಿನ ಜೊತೆ ಬರುತ್ತದೆ. ಗಡಸು ನೀರಿನ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮ ಪ್ರಮಾಣದಲ್ಲಿ ಬೆರೆಸಿ, ಬಟ್ಟೆ ಅದ್ದಿ ಎರಡು ನಿಮಿಷ ಕಲೆಯ ಮೇಲೆ ಹೊದಿಸಿಟ್ಟು ಬ್ರಷ್ ಆಡಿಸಿ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಬಾತ್‌ರೂಮಿಗೆ ಹಾಕುವ ಆಸಿಡ್ ಹತ್ತಿರವೂ ತರಬೇಡಿ, ಪಕ್ಕದ ಸ್ಕ್ರೂ, ಚಕ್ರ, ಪೇಂಟ್ ಎಲ್ಲವನ್ನೂ ಅದು ಕಚ್ಚುತ್ತದೆ. ಹೊಸ ರಸ್ತೆಯ ಡಾಂಬರು ಅಂಟಿದ್ದರೆ ಅಡುಗೆ ಎಣ್ಣೆ ಸವರಿ 10 ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಒರೆಸಿ ತೆಗೆದ ಮೇಲೆ ಆ ಎಣ್ಣೆಯನ್ನೂ ಕ್ಲೀನರ್‌ನಿಂದ ಪೂರ್ತಿ ತೆಗೆಯಬೇಕು.

ಆಯುಧಪೂಜೆ ಮುಗಿದ ಮೇಲೆ ಬಂಪರ್ ಮೇಲೆ ಉಳಿಯುವ ಅರಿಸಿನ ಕುಂಕುಮದ ಕಲೆಯೂ ಇಲ್ಲಿ ಹೇಳಬೇಕಾದ್ದೇ. ಅರಿಸಿನಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಸೋಪಿನಲ್ಲಿ ತೊಳೆದು ಉಳಿದದ್ದು ಬಿಸಿಲಿಗೆ ತಾನಾಗಿ ಮಾಸುತ್ತದೆ, ಸ್ಪಿರಿಟ್‌ನಲ್ಲಿ ಒರೆಸಿದರೂ ಬರುತ್ತದೆ. ಬಣ್ಣ ಬೆರೆಸಿದ ಅಗ್ಗದ ಕುಂಕುಮ ಮಾತ್ರ ಒದ್ದೆಯಾಗಿ ತರಿಯೊಳಗೆ ಇಳಿದರೆ ಹಟ ಮಾಡುತ್ತದೆ. ಕುಂಕುಮವನ್ನು ಗಾಜಿನ ಮೇಲೋ ನಂಬರ್ ಪ್ಲೇಟಿನ ಮೇಲೋ ಇಡಿ, ತರಿ ಇರುವ ಪ್ಲಾಸ್ಟಿಕ್ ಮೇಲೆ ಬೇಡ. ನವರಾತ್ರಿಗೆ ಒಂದು ವಾರ ಮೊದಲೇ ಕೋಟಿಂಗ್, ಅಂದರೆ ಕೊನೆಗೆ ಹಚ್ಚುವ ರಕ್ಷಣೆಯ ಲೇಪ, ಮುಗಿಸಿದ್ದರೆ ಕಲೆ ಒಳಗೆ ಇಳಿಯುವುದೂ ಕಡಿಮೆ.

ತೊಳೆದ ಮೇಲೆ ಪೂರ್ತಿ ಒಣಗಬೇಕು. ಇಲ್ಲಿ ಅವಸರ ಮಾಡಿದರೆ ಮೇಲಿನ ಶ್ರಮವೆಲ್ಲ ಹಾಳು. ಮೇಲ್ಮೈ ಒಣಗಿದಂತೆ ಕಂಡರೂ ಪಟ್ಟಿಯ ಹಿಂದೆ, ಕ್ಲಿಪ್ಪಿನ ಸಂದಿಯಲ್ಲಿ ನೀರು ನಿಂತಿರುತ್ತದೆ, ಕೋಟಿಂಗ್ ಹಚ್ಚುತ್ತಿರುವಾಗಲೇ ಸೋರಿ ಬಂದು ಗೆರೆ ಮಾಡುತ್ತದೆ. ಬ್ಲೋವರ್ ಇದ್ದರೆ ಊದಿ ಹೊರಡಿಸಿ, ಇಲ್ಲದಿದ್ದರೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಎರಡು ಗಂಟೆ ನೆರಳಿನಲ್ಲಿ ನಿಲ್ಲಿಸಿ. ನಂತರ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿಕೊಂಡು ಎಲ್ಲ ಪ್ಲಾಸ್ಟಿಕ್ ಒಮ್ಮೆ ಒರೆಸಿ. ಅದರ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಬೆಂಕಿ, ಬೀಡಿ ಸಿಗರೇಟು ದೂರವಿರಲಿ.

ಈಗ ಯಾವುದನ್ನು ಹಚ್ಚಬೇಕು ಎಂಬ ಮಾತು. ಡ್ರೆಸ್ಸಿಂಗ್ ಎಂದರೆ ಮೇಲೆ ಸವರುವ ಹೊಳಪಿನ ದ್ರವ. ನೀರಿನಂಶದ ಡ್ರೆಸ್ಸಿಂಗ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಬೆಲೆ ಕಡಿಮೆ, ಕೆಲವು ವಾರ ನಿಲ್ಲುತ್ತದೆ. ಇನ್ನೂ ಬಿಳಿಚದ ಹೊಸ ಪ್ಲಾಸ್ಟಿಕ್‌ಗೆ ಇದು ಸಾಕು, ತಿಂಗಳಿಗೊಮ್ಮೆ ತೊಳೆದಾಗ ಹಚ್ಚಿದರಾಯಿತು. ಬಹಳ ಮಿಂಚುವ, ಪೆಟ್ರೋಲಿನಂಥ ವಾಸನೆಯ ಡ್ರೆಸ್ಸಿಂಗ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಧೂಳು ಹಿಡಿಯುತ್ತವೆ, ಅವುಗಳ ದ್ರಾವಕ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಒಳ್ಳೆಯದಲ್ಲ. ಬಿಳಿಚಿದ ಪ್ಲಾಸ್ಟಿಕ್‌ಗೆ ಸರಿಯಾದದ್ದು ಟ್ರಿಮ್‌ಗೆಂದೇ, ಅಂದರೆ ಇಂಥ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆಂದೇ, ಬರುವ ಸೆರಾಮಿಕ್ ಕೋಟಿಂಗ್. ಬಿರುಕು ತುಂಬಿ ಗಟ್ಟಿಯಾಗುತ್ತದೆ, ಒರೆಸಿದರೆ ಕೈಗೆ ಬರುವುದಿಲ್ಲ, ನೆರಳಿನಲ್ಲಿ ನಿಲ್ಲುವ ಗಾಡಿಗೆ ಒಂದೂವರೆ ಎರಡು ವರ್ಷ, ಸದಾ ಬಿಸಿಲಲ್ಲಿರುವುದಕ್ಕೆ ಸುಮಾರು ಒಂದು ವರ್ಷ ಬಾಳುತ್ತದೆ. ಉಜ್ಜಿದರೆ ಬಿಳಿ ಪುಡಿ ಬೆರಳಿಗೆ ಬರುವಷ್ಟು ಹಾಳಾಗಿದ್ದರೆ ಕಪ್ಪು ಬಣ್ಣ ಬೆರೆತ ರಿಸ್ಟೋರರ್ ತನ್ನಿ. ಸಣ್ಣ ಕಾರಿಗೆ ಕೋಟಿಂಗಿನ 30 ಮಿಲಿ ಸೀಸೆ ಸಾಕಾಗಿ ಮಿಗುತ್ತದೆ. ಸುತ್ತಲೂ ಅಗಲ ಪಟ್ಟಿ ಇರುವ ಎಸ್‌ಯುವಿಗೆ ಅಷ್ಟೂ ಬೇಕಾಗಬಹುದು.

ಕೋಟಿಂಗ್ ಹಚ್ಚುವ ದಿನ ಮಳೆ ಇರಬಾರದು, ಮರುದಿನವೂ ಇರಬಾರದು. ಪ್ಲಾಸ್ಟಿಕ್‌ಗೆ ತಾಗಿದ ಪೇಂಟ್ ಅಂಚಿಗೆಲ್ಲ ಪೇಂಟ್ ಅಂಗಡಿಯ ಮಾಸ್ಕಿಂಗ್ ಟೇಪ್ ಅಂಟಿಸಿ. ಸೆಲ್ಲೋಟೇಪ್ ಬೇಡ, ಗೋಂದು ಬಿಡುತ್ತದೆ. ಕೈಗೆ ಗ್ಲೌಸ್ ಇರಲಿ. ಕಾಣದ ಒಂದು ಮೂಲೆಗೆ ಹಚ್ಚಿ ಒಣಗಿಸಿ ಬಣ್ಣ ಒಪ್ಪಿಗೆಯೇ ನೋಡಿ, ಒಮ್ಮೆ ಗಟ್ಟಿಯಾದರೆ ತೆಗೆಯುವುದು ಕಷ್ಟ. ಸ್ಪಾಂಜಿಗೆ ಐದಾರು ಹನಿ ಹಾಕಿ, ಒಂದು ಅಡಿ ಜಾಗಕ್ಕೆ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ತೆಳುವಾಗಿ ಹರಡಿ. ಮೂಲೆಯಲ್ಲಿ ಹನಿ ನಿಲ್ಲಬಾರದು. ಒಂದೆರಡು ನಿಮಿಷದಲ್ಲಿ, ಸೀಸೆಯ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅಷ್ಟೇ ಹೊತ್ತಿನಲ್ಲಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಡವಿಲ್ಲದೆ ಒರೆಸಿ ಸಮ ಮಾಡಿ. ಒರೆಸದೆ ಬಿಟ್ಟರೆ ಎಣ್ಣೆ ಹರಿದಂಥ ಮಿಂಚು ಮಚ್ಚೆ ಗಟ್ಟಿಯಾಗಿ ಕೂರುತ್ತದೆ. ಅಂಥ ಮಚ್ಚೆ ಕಂಡ ಕೂಡಲೇ ಅದರ ಮೇಲೆ ಮತ್ತೆರಡು ಹನಿ ಹಚ್ಚಿ ತಕ್ಷಣ ಒರೆಸಿದರೆ ಕರಗಿ ಬರುತ್ತದೆ, ಮರುದಿನಕ್ಕೆ ಬಿಟ್ಟರೆ ಬರುವುದಿಲ್ಲ. ತುಂಬ ಒಣಗಿದ ಪ್ಲಾಸ್ಟಿಕ್ ಮೊದಲ ಕೋಟನ್ನು ಕುಡಿದುಬಿಡುತ್ತದೆ, ಒಂದು ಗಂಟೆ ಬಿಟ್ಟು ಎರಡನೆಯದು ಕೊಡಿ. ಮೂರನೆಯದರಿಂದ ಪ್ರಯೋಜನವಿಲ್ಲ. ಕೆಲಸ ಮುಗಿದ ಕೂಡಲೇ ಟೇಪ್ ಕೀಳಿ. 24 ಗಂಟೆ ನೀರು ಬೀಳದಿರಲಿ, ಒಂದು ವಾರ ಶಾಂಪೂ ಬೇಡ. ಬಳಸಿದ ಸ್ಪಾಂಜು, ಬಟ್ಟೆ ಎಸೆಯಿರಿ. ಒಣಗಿದ ಮೇಲೆ ಅವು ಮರಳುಕಾಗದದ ಹಾಗೆ ಗಟ್ಟಿಯಾಗುತ್ತವೆ, ಮರೆತು ಬಾಡಿಗೆ ಉಜ್ಜಿದರೆ ಗೀರು ಖಚಿತ. ಸೀಸೆಯ ಬಾಯಿ ಒರೆಸಿ ಬಿಗಿಯಾಗಿ ಮುಚ್ಚಿ. ಗಾಳಿಯ ತೇವ ಹೊಕ್ಕರೆ ಒಳಗೇ ಹರಳುಗಟ್ಟುತ್ತದೆ, ಹರಳು ಕಂಡ ಮೇಲೆ ಅದನ್ನು ಬಳಸಬೇಡಿ.

ಮನೆ ಮದ್ದುಗಳನ್ನು ಕೇಳುವವರು ಬಹಳ. ತೆಂಗಿನೆಣ್ಣೆ ಹಚ್ಚಿದರೆ ಎರಡು ದಿನ ಕಪ್ಪು, ಮೂರನೆಯ ದಿನ ಧೂಳಿನ ಲೇಪ. ಸೀಮೆಎಣ್ಣೆ, ಡೀಸೆಲ್ ಇನ್ನೂ ಕೆಟ್ಟದ್ದು. ಕೆಲವು ಕಡೆ ವಾಟರ್ ವಾಶ್ ಮುಗಿಸಿ ಡೀಸೆಲ್ ಸ್ಪ್ರೇ ಹೊಡೆದು ಕೊಡುತ್ತಾರೆ, ಬೇಡವೆಂದು ಮೊದಲೇ ಹೇಳಿಬಿಡಿ. ಪ್ಲಾಸ್ಟಿಕ್ಕಿನಲ್ಲಿರುವ ರಬ್ಬರಿನ ಅಂಶ ಅದನ್ನು ಹೀರಿ ಉಬ್ಬುತ್ತದೆ, ಬಾಗಿಲ ಬೀಡಿಂಗೂ ಹಾಳಾಗುತ್ತದೆ. ಶೂ ಪಾಲಿಶ್ ಮೊದಲ ಮಳೆಗೆ ಕರಗಿ ಬಾಗಿಲ ಮೇಲೆ, ಉಟ್ಟ ಸೀರೆ ಪಂಚೆಯ ಮೇಲೆ ಬರುತ್ತದೆ. ಮನೆ ಮದ್ದುಗಳಲ್ಲಿ ಸ್ವಲ್ಪವಾದರೂ ನಿಲ್ಲುವುದು ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಅಗಸೆ ಎಣ್ಣೆ. ಅದು ಗಾಳಿಗೆ ಒಣಗಿ ಪದರ ಕಟ್ಟುವ ಎಣ್ಣೆ. ತೀರ ತೆಳುವಾಗಿ ಹಚ್ಚಿ, ಅರ್ಧ ಗಂಟೆಯ ನಂತರ ಒಂದಿಷ್ಟೂ ಅಂಟಿಲ್ಲದಂತೆ ಒರೆಸಿ, ಒಂದು ದಿನ ಧೂಳಿಲ್ಲದ ಕಡೆ ನಿಲ್ಲಿಸಬೇಕು. ಆದರೆ ಒಂದು ಎಚ್ಚರ ಮರೆಯಬಾರದು. ಆ ಎಣ್ಣೆಯ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆದರೆ ಒಳಗೇ ಶಾಖ ಹುಟ್ಟಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಎಸೆಯಿರಿ. ಕಾರಿನ ಡಿಕ್ಕಿಯಲ್ಲಿ ಅಂತೂ ಇಡಲೇಬೇಡಿ.

ಹೀಟ್ ಗನ್ ಹಿಡಿದು ಕ್ಷಣದಲ್ಲಿ ಕಪ್ಪಾಗಿಸುವ ವಿಡಿಯೊಗಳನ್ನು ನೋಡಿ ಮರುಳಾಗಬೇಡಿ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಹೀಟ್ ಗನ್ ಮೂತಿಯ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಂಡಾಗ ಕಪ್ಪು ಕಾಣುವುದು ನಿಜ, ಆದರೆ ಬಿಸಿಲಿಂದ ಕಾಯುವ ಯಾವ ಹೊಸ ಪದರವೂ ಸಿಗಲಿಲ್ಲವಲ್ಲ, ಮತ್ತೆ ಬಿಳಿಚುತ್ತದೆ. ಗನ್ ಒಂದೇ ಕಡೆ ನಿಂತರೆ ತರಿಯೇ ಮಾಯವಾಗಿ ನುಣುಪು ಮಚ್ಚೆ ಉಳಿಯುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ, ಬಂಪರಿನೊಳಗಿನ ಪಾರ್ಕಿಂಗ್ ಸೆನ್ಸರ್ ಕೆಡಬಹುದು. ಕಪ್ಪು ಸ್ಪ್ರೇ ಪೇಂಟ್ ಹೊಡೆಯುವುದಿದ್ದರೆ ಪಿಪಿಗೆ ಹೊಂದುವ ಪ್ಲಾಸ್ಟಿಕ್ ಪ್ರೈಮರ್ ಮೊದಲು ಬೇಕೇ ಬೇಕು. ಈ ಪ್ಲಾಸ್ಟಿಕ್ ಮೇಲೆ ಬಣ್ಣ ತಾನಾಗಿ ಕಚ್ಚುವುದಿಲ್ಲ, ಪ್ರೈಮರ್ ಇಲ್ಲದೆ ಹೊಡೆದದ್ದು ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ.

ಬಾಗಿಲ ಕಂಬದ ಮೇಲಿನ ಹೊಳೆಯುವ ಕಪ್ಪು ಪಟ್ಟಿ ಬೇರೆ ಜಾತಿ, ಅದಕ್ಕೆ ಪೇಂಟಿನ ಉಪಚಾರವೇ ಸರಿ, ಬ್ರಷ್ ತಾಗಿಸಿದರೆ ಗೀರು. ವೈಪರ್ ಜಾಲರಿಗೆ ಹಚ್ಚುವಾಗ ಸ್ಪ್ರೇ ಮಾಡದೆ ಬಟ್ಟೆಯಿಂದಲೇ ಸವರಿ. ಹಚ್ಚುವ ದ್ರವದಲ್ಲಿನ ಸಿಲಿಕಾನ್ ಗಾಜಿಗೆ ಹಾರಿದರೆ ಮಳೆಯ ರಾತ್ರಿ ಎದುರಿನ ಬೆಳಕಿಗೆ ಗಾಜು ಮಂಜಾಗಿ ದಾರಿ ಕಾಣುವುದಿಲ್ಲ, ವೈಪರ್ ಕುಟುಕುತ್ತಾ ಓಡುತ್ತದೆ. ಸ್ಕೂಟರ್ ಪ್ಯಾನಲ್‌ಗಳಿಗೂ ಇದೇ ಕ್ರಮ, ಕಾಲಿಡುವ ಜಾಗ, ಸೀಟು, ಬ್ರೇಕ್ ಡಿಸ್ಕ್ ಹತ್ತಿರ ಮಾತ್ರ ಏನನ್ನೂ ಹಚ್ಚಬೇಡಿ, ಜಾರುತ್ತದೆ.

ನಿಲ್ಲಿಸುವ ರೀತಿಯಲ್ಲೂ ಅರ್ಧ ರಕ್ಷಣೆಯಿದೆ. ನಮ್ಮ ಕಡೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಿನವೂ ಒಂದೇ ದಿಕ್ಕಿಗೆ ನಿಲ್ಲುವ ಗಾಡಿಯ ಒಂದು ಮಗ್ಗುಲು ಮೊದಲು ಬಿಳಿಚುವುದು ಇದರಿಂದ. ವಾರಕ್ಕೊಮ್ಮೆ ತಿರುಗಿಸಿ ನಿಲ್ಲಿಸಿ. ರಾಯಚೂರು, ಕಲಬುರಗಿಯ ಬಿಸಿಲಿಗೆ ಫೆಬ್ರವರಿಯಲ್ಲೇ ಕೋಟಿಂಗ್ ಮುಗಿದಿರಲಿ. ಮಂಗಳೂರು, ಉಡುಪಿ, ಶಿವಮೊಗ್ಗದ ಕಡೆಯವರು ಮೇ ಮೊದಲ ವಾರದಲ್ಲಿ ಮಾಡಿ, ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಜಾಲರಿಯ ಎಲೆ ಕಸ ತೆಗೆಯಿರಿ. ಎಲೆ ಕೊಳೆತ ಕಡೆಯೇ ಪಾಚಿ ಶುರುವಾಗುವುದು, ನೀರು ಇಳಿಯುವ ತೂತು ಕಟ್ಟುವುದೂ ಅಲ್ಲೇ. ಪ್ರೆಶರ್ ವಾಶರ್ ಮೂತಿ ಒಂದು ಅಡಿಗಿಂತ ಹತ್ತಿರ ಬೇಡ. ತೊಳೆದಾಗ ನೀರು ಮಣಿ ಮಣಿಯಾಗಿ ಜಾರದೆ ಹಾಳೆಯಂತೆ ಹರಡಿ ನಿಂತರೆ ಮೊದಲು ಕ್ಲೀನರ್ ಹಾಕಿ ಒಮ್ಮೆ ಉಜ್ಜಿ ನೋಡಿ, ಮೇಲಿನ ಕೊಳೆಯಿಂದಲೂ ಹಾಗಾಗುತ್ತದೆ. ಆಗಲೂ ಮಣಿ ಕಟ್ಟದಿದ್ದರೆ ಕೋಟಿಂಗ್ ಸವೆದಿದೆ, ಮತ್ತೆ ಹಚ್ಚಲು ಪೂರ್ತಿ ಬಿಳಿಚುವವರೆಗೆ ಕಾಯಬೇಡಿ.