ತಮಾಷೆ ಮಾಡುವ ಹಕ್ಕು ಅವಳದು

ಹೆಂಡತಿಗೆ ಸ್ತನ ಕ್ಯಾನ್ಸರ್ ಇದೆಯೆಂದು ಬಯಾಪ್ಸಿ ವರದಿ ಬಂದ ದಿನ ನಾನು ಮಾಡಿದ ಮೊದಲ ತಪ್ಪೆಂದರೆ ಅವಳನ್ನು ನಗಿಸಲು ಹೊರಟದ್ದು. ಮೌನವನ್ನು ತಡೆಯಲಾರದೆ ಏನೋ ಹಗುರವಾದ ಮಾತಾಡಿದೆ. ಅವಳು ನನ್ನತ್ತ ನೋಡದೆಯೇ, "ಇವತ್ತು ಬೇಡ, ಸುಮ್ಮನೆ ಪಕ್ಕದಲ್ಲಿ ಕೂತಿರಿ" ಎಂದಳು. ನನ್ನ ಭಯವನ್ನು ಮುಚ್ಚಿಕೊಳ್ಳಲು ಆಡಿದ ಮಾತು ಅದು ಎಂಬುದು ನನಗೇ ಹೊಳೆಯಲು ಹಲವು ದಿನ ಹಿಡಿಯಿತು. ಕಾಯಿಲೆಯ ಬಗ್ಗೆ ತಮಾಷೆ ಮಾಡುವ ಹಕ್ಕು ಕಾಯಿಲೆ ಅನುಭವಿಸುತ್ತಿರುವವಳದು, ಅವಳಾಗಿ ಶುರುಮಾಡಿದರೆ ಮಾತ್ರ ನಾನು ದನಿಗೂಡಿಸಬಹುದು ಎಂದು ಆಮೇಲೆ ನನಗೆ ನಾನೇ ಕಟ್ಟು ಹಾಕಿಕೊಂಡೆ.

ಅವಳು ಶುರುಮಾಡಿದ್ದು ಮೊದಲ ಕೀಮೋ ದಿನವೇ. ಡಾಕ್ಸೊರುಬಿಸಿನ್ ಔಷಧಿ ಕೆಂಪುಬಣ್ಣದ್ದು. ನರ್ಸ್ ಅದನ್ನು ಸಿರಿಂಜಿನಿಂದ ನಿಧಾನವಾಗಿ ರಕ್ತನಾಳಕ್ಕೆ ಏರಿಸುತ್ತಾ, ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ, ಗಾಬರಿಯಾಗಬೇಡಿ ಎಂದಿದ್ದರು. ಸಂಜೆ ಬಚ್ಚಲಿನಿಂದ ಹೊರಬಂದವಳು, "ರೀ, ಒಳಗೆ ಹೋದದ್ದೆಲ್ಲ ಹಾಗೇ ಹೊರಗೆ ಬರುತ್ತಿದೆ, ದುಡ್ಡು ವಾಪಸ್ ಕೇಳಿ" ಎಂದಳು. ವರದಿ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

21 ದಿನಕ್ಕೊಂದರಂತೆ ನಾಲ್ಕು ಸುತ್ತು ಕೀಮೋ, ಅನಂತರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ವಾರಕ್ಕೊಂದರಂತೆ 12 ಡೋಸ್ ಎಂದು ವೈದ್ಯರು ಹೇಳಿದ್ದರು. ನಾನು ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಯಾವ ದಿನ ಸುಸ್ತು, ಯಾವ ದಿನ ಬಾಯಿಹುಣ್ಣು, ವಾಂತಿ ತಡೆಯುವ ಮಾತ್ರೆ ಎಷ್ಟು ಹೊತ್ತಿಗೆ ಎಂದೆಲ್ಲ ಬರೆಯುತ್ತಾ ಹೋದೆ. ಆ ಮಾತ್ರೆಯನ್ನು ವಾಕರಿಕೆ ಬರುವವರೆಗೆ ಕಾಯದೆ ಹೇಳಿದ ಹೊತ್ತಿಗೆ ಕೊಡಬೇಕೆಂಬ ಪಾಠವನ್ನು ಮೊದಲ ಸುತ್ತಿನಲ್ಲೇ ಕಷ್ಟಪಟ್ಟು ಕಲಿತೆವು. ಸ್ಟೀರಾಯ್ಡ್ ತೆಗೆದುಕೊಂಡ ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಎರಡು ಗಂಟೆಗೆ ಎದ್ದು ಕಪಾಟು ಜೋಡಿಸಿದ್ದೂ ಪುಸ್ತಕದಲ್ಲಿ ದಾಖಲಾಗಿದೆ. "ಎಲ್ಲಾ ಸರಿಹೋಗುತ್ತದೆ" ಎಂದು ನಾನು ಹೇಳಿದಾಗೆಲ್ಲ ಅವಳ ಮುಖ ಮುಚ್ಚಿಕೊಳ್ಳುತ್ತಿತ್ತು. "ಕಳೆದ ಸಲ 14ನೆಯ ದಿನ ನಾಲಿಗೆಗೆ ರುಚಿ ಮರಳಿತ್ತು, ಇವತ್ತು 12" ಎಂದರೆ ಮಾತ್ರ ಎದ್ದು ಕೂರುತ್ತಿದ್ದಳು. ಒಂದು ಸುತ್ತಿಗಿಂತ ಉದ್ದದ ಭರವಸೆಯನ್ನು ಅವಳೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಎರಡನೆಯ ಸುತ್ತಿನ ಹತ್ತನೆಯ ರಾತ್ರಿ ಅವಳಿಗೆ ಚಳಿ ಶುರುವಾಯಿತು. ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುವ ದಿನಗಳವು. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮನೆಯಲ್ಲೇ ಜ್ವರದ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬಾರದು, ಕೂಡಲೇ ಹೊರಡಬೇಕು ಎಂದು ಬರೆದ ಹಾಳೆ ಗೋಡೆಯ ಮೇಲೆಯೇ ಇತ್ತು. ಥರ್ಮಾಮೀಟರ್ 38.2 ತೋರಿಸಿತು. ಅಷ್ಟೆಲ್ಲ ತಿಳಿದಿದ್ದ ನಾನು, "ಇನ್ನರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡೋಣ" ಎಂದುಬಿಟ್ಟೆ. ಅವಳು ಹೊದಿಕೆಯೊಳಗೆ ನಡುಗುತ್ತಲೇ, "ಥರ್ಮಾಮೀಟರಿಗೂ ಸೆಕೆಂಡ್ ಒಪಿನಿಯನ್ ಬೇಕಾ?" ಎಂದಳು. ಮಾತು ತಮಾಷೆಯದಾದರೂ ಕಣ್ಣು ಬಾಗಿಲ ಬಳಿಯಿದ್ದ ಬ್ಯಾಗಿನ ಮೇಲಿತ್ತು. ಆ ರಾತ್ರಿಯೇ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಶುರುಮಾಡಿದರು. ವಾರ್ಡಿನಲ್ಲಿ ನಾಲ್ಕು ದಿನ ಕಳೆದೆವು. ಅವಳ ತಮಾಷೆಗಳಲ್ಲಿ ಅರ್ಧದಷ್ಟು ನನಗೆ ಕೊಡುವ ಸೂಚನೆಗಳೇ ಎಂದು ತಿಳಿದದ್ದು ಅಲ್ಲಿಯೇ.

ಕೂದಲಿನ ಕಥೆ ಇದಕ್ಕಿಂತ ಮೊದಲಿನದು. ಮೊದಲ ಡೋಸಿನ ಮೂರನೆಯ ವಾರದಲ್ಲಿ ದಿಂಬಿನ ತುಂಬ ಕೂದಲು ಬೀಳತೊಡಗಿದಾಗ, ಉದುರುವವರೆಗೆ ಕಾಯುವುದಿಲ್ಲ ಎಂದು ಅವಳೇ ನನ್ನ ಕೈಗೆ ಟ್ರಿಮ್ಮರ್ ಕೊಟ್ಟಳು. ಅರ್ಧ ತಲೆ ಮುಗಿಯುವಷ್ಟರಲ್ಲಿ ಅದರ ಚಾರ್ಜ್ ಮುಗಿಯಿತು. ಕನ್ನಡಿ ನೋಡಿ ಜೋರಾಗಿ ನಕ್ಕವಳು ನಗುತ್ತಲೇ ಅಳಲು ಶುರುಮಾಡಿದಳು. ಚಾರ್ಜ್ ಆಗುವವರೆಗೂ ನಾನು ಅವಳ ಹಿಂದೆ ಹೆಗಲು ಹಿಡಿದು ನಿಂತಿದ್ದೆ. ನಾನೂ ಬೋಳಿಸಿಕೊಳ್ಳುತ್ತೇನೆ ಎಂದಾಗ, "ಬೇಡ, ಬಾಚಣಿಗೆಗೆ ಮನೆಯಲ್ಲಿ ಒಬ್ಬರಾದರೂ ಕೆಲಸ ಕೊಡಲಿ" ಎಂದಳು.

ನಾನು ಗಟ್ಟಿಯಾಗೇನೂ ಇರಲಿಲ್ಲ. ನನ್ನ ಅಳುವನ್ನೆಲ್ಲ ಅಣ್ಣನಿಗೆ ಫೋನ್ ಮಾಡಿ ಮುಗಿಸುತ್ತಿದ್ದೆ. ಅವಳಿಗೆ ಬರುತ್ತಿದ್ದ ಕರೆಗಳನ್ನು, ಅದರಲ್ಲೂ ಮನೆಮದ್ದು ಹೇಳುವವರ ಕರೆಗಳನ್ನು, ನಾನೇ ತೆಗೆದುಕೊಳ್ಳುತ್ತಿದ್ದೆ.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ವಾಂತಿ ಕಡಿಮೆಯಾಯಿತು, ಆದರೆ ಬೆರಳ ತುದಿಗಳು ಜೋಮು ಹಿಡಿದು ಗುಂಡಿ ಹಾಕಿಕೊಳ್ಳುವುದೂ ಅವಳಿಗೆ ಕಷ್ಟವಾಯಿತು. ವೈದ್ಯರಿಗೆ ಹೇಳಿದೆವು, ಡೋಸ್ ಸ್ವಲ್ಪ ತಗ್ಗಿಸಿದರು. ಪ್ರತಿ ವಾರ ಹೊರಡುವ ಮುನ್ನ ಗುಂಡಿ ಹಾಕುವ ಕೆಲಸ ನನ್ನದಾಯಿತು, ಅವಸರದಲ್ಲಿ ಒಂದು ಕಾಜ ತಪ್ಪಿಸುವುದೂ ನನ್ನ ಅಭ್ಯಾಸವಾಯಿತು. 12ನೆಯ ಡೋಸಿನ ಬೆಳಿಗ್ಗೆ ಅವಳು ನನ್ನ ಕೈ ಸರಿಸಿ ತಾನೇ ಹಾಕಿಕೊಳ್ಳುತ್ತೇನೆಂದು ನಿಂತಳು. ಹತ್ತು ನಿಮಿಷ ಹಿಡಿಯಿತು. ನೋಡಿದರೆ ಸಾಲೆಲ್ಲ ಒಂದು ಕಾಜ ಓರೆ. "ನಿಮ್ಮಿಂದಲೇ ಕಲಿತದ್ದು" ಎಂದು ಹಾಗೆಯೇ ಹೊರಟಳು.