ಅಮೆರಿಕದಲ್ಲಿ ಅಪ್ಪ-ಅಮ್ಮನ ಆರೈಕೆ: ಹೋಮ್ ಹೆಲ್ತ್ ಬೇರೆ, ಹೋಮ್ ಕೇರ್ ಬೇರೆ

ಅಮ್ಮ ಸ್ನಾನದ ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಮ್ಮ ಜೊತೆ ನ್ಯೂಜೆರ್ಸಿಯಲ್ಲಿದ್ದರು. ಆಪರೇಷನ್ ಆಯಿತು. "ಇನ್ನು ಮನೆಗೆ ಕರೆದುಕೊಂಡು ಹೋಗಿ, ಹೋಮ್ ಹೆಲ್ತ್ ಬರುತ್ತೆ" ಅಂದರು ಆಸ್ಪತ್ರೆಯವರು. ನಾನು ಬೆಂಗಳೂರಿನ ಲೆಕ್ಕ ಹಾಕಿದೆ. ಏಜೆನ್ಸಿಗೆ ಫೋನ್ ಮಾಡಿದರೆ ಬೆಳಗ್ಗೆಯಿಂದ ರಾತ್ರಿವರೆಗೆ ಇರುವ ಆಯಾ ಬರುತ್ತಾರಲ್ಲ, ಹಾಗೇ ಅಂದುಕೊಂಡೆ. ಬಂದದ್ದು ನರ್ಸ್. ಗಾಯ ನೋಡಿ, ಬಿಪಿ ನೋಡಿ, ಮುಕ್ಕಾಲು ಗಂಟೆಗೆ ಹೊರಟರು.

ಇಲ್ಲಿ ಹೋಮ್ ಹೆಲ್ತ್ ಅಂದರೆ ಡಾಕ್ಟರ್ ಬರೆದುಕೊಟ್ಟ ಚಿಕಿತ್ಸೆ: ನರ್ಸ್, ಫಿಸಿಯೋಥೆರಪಿ, ಮಾತಿನ ಥೆರಪಿ. ಅದು ನಡೆಯುತ್ತಿರುವಷ್ಟು ದಿನ ಸ್ನಾನಕ್ಕೆ ನೆರವಾಗುವ ಏಡ್ (ಸಹಾಯಕಿ) ಕೂಡ ವಾರಕ್ಕೆ ಕೆಲವು ಸಲ ಬರಬಹುದು. ಇದಕ್ಕೆ ಮೆಡಿಕೇರ್, ಅಂದರೆ ಹಿರಿಯರಿಗಾಗಿ ಇಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ವಿಮೆ, ಪೂರ್ತಿ ದುಡ್ಡು ಕೊಡುತ್ತದೆ. ವಾಕರ್‌ನಂಥ ಸಾಮಾನಿಗೆ ಮಾತ್ರ ಸಾಮಾನ್ಯವಾಗಿ ಶೇ. 20 ನಮ್ಮದು. ಹೋಮ್ ಕೇರ್ ಅಂದರೆ ಅಡುಗೆ, ಬಟ್ಟೆ, ದಿನವಿಡೀ ಜೊತೆಗಿರುವುದು. ಅದಕ್ಕೆ ಮೆಡಿಕೇರ್ ಕೊಡುವುದಿಲ್ಲ.

ಮೆಡಿಕೇರ್ ಸಿಗಬೇಕಾದರೆ ಸಾಮಾನ್ಯವಾಗಿ 65 ತುಂಬಿರಬೇಕು. ಗ್ರೀನ್ ಕಾರ್ಡ್ ಇರುವವರು ಇಲ್ಲಿ 5 ವರ್ಷ ಸತತವಾಗಿ ವಾಸ ಮಾಡಿರಬೇಕು. ಅಪ್ಪನೋ ಅಮ್ಮನೋ ಇಲ್ಲಿ ಸುಮಾರು 10 ವರ್ಷ ಕೆಲಸ ಮಾಡಿ ತೆರಿಗೆ ಕಟ್ಟಿದ್ದರೆ ಮೆಡಿಕೇರ್‌ನ ಪಾರ್ಟ್ ಎ (ಆಸ್ಪತ್ರೆ ಖರ್ಚಿನ ಭಾಗ) ಪುಕ್ಕಟೆ. ಮಕ್ಕಳು ಎಷ್ಟೇ ವರ್ಷ ಕಟ್ಟಿದ್ದರೂ ಅದು ಅಪ್ಪ-ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಕೆಲಸ ಮಾಡಿರದವರು ಕೊಳ್ಳಬೇಕು: 2026ರಲ್ಲಿ ಪಾರ್ಟ್ ಎ ತಿಂಗಳಿಗೆ 565 ಡಾಲರ್, ಪಾರ್ಟ್ ಬಿ (ಡಾಕ್ಟರ್ ಖರ್ಚಿನ ಭಾಗ) 202.90. ಎರಡೂ ಭಾರ ಅನಿಸಿದರೆ ಒಂದು ವಿಷಯ ನೆನಪಿರಲಿ. ಪಾರ್ಟ್ ಬಿ ಒಂದೇ ಇದ್ದರೂ ಹೋಮ್ ಹೆಲ್ತ್ ಸಿಗುತ್ತದೆ. ಅರ್ಹತೆ ಬಂದ ಕೂಡಲೇ ಸೇರಿಕೊಳ್ಳಿ. ತಡ ಮಾಡಿದರೆ ಪ್ರತಿ 12 ತಿಂಗಳಿಗೆ ಶೇ. 10ರಂತೆ ಪಾರ್ಟ್ ಬಿ ಕಂತು ಏರುತ್ತದೆ, ಆಮೇಲೆ ಇಳಿಯುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದ್ಯಾವುದೂ ಇಲ್ಲ.

ಹೋಮ್ ಹೆಲ್ತ್‌ಗೆ ಇನ್ನೊಂದು ಷರತ್ತು 'ಹೋಮ್‌ಬೌಂಡ್'. ಮನೆಯಿಂದ ಹೊರಡಲು ವಾಕರ್ ಅಥವಾ ಇನ್ನೊಬ್ಬರ ಕೈ ಬೇಕು, ಹೊರಟರೆ ಸುಸ್ತಾಗಿಬಿಡುತ್ತದೆ ಎಂಬ ಸ್ಥಿತಿ. ಈ ಮಾತಿಗೆ ಹೆದರಿ ಅಮ್ಮ ಎರಡು ವಾರ ಬಾಗಿಲು ದಾಟಲಿಲ್ಲ. ಅಷ್ಟು ಬೇಕಿಲ್ಲ. ಡಾಕ್ಟರ್ ಹತ್ತಿರ ಹೋಗಬಹುದು, ದೇವಸ್ಥಾನಕ್ಕೂ ಹೋಗಬಹುದು. ಪ್ರಾರ್ಥನೆಗೆ ಹೋಗುವುದಕ್ಕೆ ನಿಯಮದಲ್ಲೇ ಅವಕಾಶ ಇದೆ.

ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು ಮೊದಲ ಭೇಟಿಯ ಬಗ್ಗೆ. ನರ್ಸ್ ಉದ್ದದ ಪ್ರಶ್ನೆಪಟ್ಟಿ ತರುತ್ತಾರೆ. ಎಷ್ಟು ದಿನ, ಏನೇನು ಸೇವೆ ಅನ್ನುವುದು ಹೆಚ್ಚಾಗಿ ಅದರ ಉತ್ತರದ ಮೇಲೆ ನಿಂತಿರುತ್ತದೆ. ಅವತ್ತು ಅಮ್ಮ ಮನೆಗೆ ನೆಂಟರು ಬರುತ್ತಾರೇನೋ ಅನ್ನುವಂತೆ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಕೂತಿದ್ದರು. "ಸ್ನಾನ ನೀವೇ ಮಾಡ್ತೀರಾ?" "ಹ್ಞೂಂ, ನಾನೇ ಮಾಡ್ಕೋತೀನಿ." ಆ ಬೆಳಗ್ಗೆ ಸ್ಟೂಲಿನ ಮೇಲೆ ಕೂರಿಸಿ ಚೊಂಬಿನಲ್ಲಿ ನೀರು ಹಾಕಿದ್ದು ನಾನು. ಆದರೂ ಅವರು ಹೇಳಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಏಡ್ ಬರಲಿಲ್ಲ. ನಮ್ಮ ಹಿರಿಯರಿಗೆ ಪರರ ಮುಂದೆ ಕಷ್ಟ ಹೇಳಿಕೊಳ್ಳುವುದು ಸಂಕೋಚ, ಮಗನ ಮುಂದೆ ಮಲಮೂತ್ರದ ಮಾತು ಇನ್ನೂ ಕಷ್ಟ. ಅದಕ್ಕೇ ದುಭಾಷಿ ಕೇಳಿ. ಮೆಡಿಕೇರ್ ದುಡ್ಡು ಪಡೆಯುವ ಏಜೆನ್ಸಿ ಪುಕ್ಕಟೆ ಒದಗಿಸಬೇಕು. ಹೆಚ್ಚಾಗಿ ಫೋನಿನಲ್ಲಿ ಸಿಗುತ್ತಾರೆ. 'ಕನ್ನಡ' ಎಂದೇ ಬರೆಸಿ, ಇಲ್ಲದಿದ್ದರೆ ಹಿಂದಿಯವರನ್ನು ಕೊಟ್ಟುಬಿಡುತ್ತಾರೆ. ಹಿಂದಿನ ರಾತ್ರಿಯೇ ಕೂತು, "ನಾಳೆ ಇದ್ದದ್ದನ್ನು ಇದ್ದಹಾಗೆ ಹೇಳಮ್ಮ" ಅಂತ ಹೇಳಿ.

ಏನು ಬೇಕು ಅನ್ನುವುದನ್ನೂ ಹೇಳಬಹುದು. ಥೆರಪಿಸ್ಟ್ ಕೇಳಿದಾಗ ಅಮ್ಮ, "ದೇವರ ಮನೆವರೆಗೆ ನಾನೇ ಹೋಗಿ ದೀಪ ಹಚ್ಚಬೇಕು" ಅಂದರು. ಮಂಚದಿಂದ ಅಲ್ಲಿಗೆ 22 ಹೆಜ್ಜೆ. ಆ ಹುಡುಗಿ ಅದನ್ನೇ ಗುರಿ ಅಂತ ಬರೆದುಕೊಂಡಳು.

ಏಜೆನ್ಸಿ ಆರಿಸುವ ಹಕ್ಕು ನಮ್ಮದೇ. ಆಸ್ಪತ್ರೆಯವರು ಪಟ್ಟಿ ಕೊಡಬೇಕು. ಮೆಡಿಕೇರ್ ವೆಬ್‌ಸೈಟಿನ ಕೇರ್ ಕಂಪೇರ್‌ನಲ್ಲಿ ನಕ್ಷತ್ರದ ಅಂಕ ನೋಡಿ. ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ಕಂಪನಿ ಮೂಲಕ ಸಿಗುವ ಮೆಡಿಕೇರ್) ತಗೊಂಡಿದ್ದರೆ ಅವರ ನೆಟ್‌ವರ್ಕ್, ಅವರ ಮುಂಗಡ ಒಪ್ಪಿಗೆ ಎರಡನ್ನೂ ಕೇಳಿಕೊಳ್ಳಿ.

ದಿನವಿಡೀ ಜನ ಬೇಕಾದರೆ ಸ್ವಂತ ದುಡ್ಡು, ಇಲ್ಲವೇ ಆದಾಯ ಕಡಿಮೆ ಇರುವವರಿಗೆ ಮೆಡಿಕೇಯ್ಡ್ ಅನ್ನುವ ಬೇರೆ ಸರ್ಕಾರಿ ವಿಮೆ. ಅದರ ನಿಯಮ ರಾಜ್ಯಕ್ಕೊಂದು ತರಹ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಆರೈಕೆ ಕೊಡಿಸುವ ಐಎಚ್‌ಎಸ್‌ಎಸ್ ಯೋಜನೆಯಲ್ಲಿ ಆರೈಕೆ ಮಾಡುವ ಮಗ-ಮಗಳಿಗೇ ಸಂಬಳ ಸಿಗಬಹುದು.

ಕೆಲವು ವಾರ ಆದಮೇಲೆ ನಮ್ಮ ಏಜೆನ್ಸಿ, "ಸುಧಾರಣೆ ಕಾಣ್ತಿಲ್ಲ, ನಿಲ್ಲಿಸ್ತೀವಿ" ಅಂದಿತು. ಸುಮ್ನೆ ತಲೆಯಾಡಿಸಬೇಡಿ. ಜಿಮ್ಮೋ ಎಂಬ ಮೊಕದ್ದಮೆಯಲ್ಲಿ 2013ರಲ್ಲಿ ಕೋರ್ಟ್ ಮಾನ್ಯ ಮಾಡಿದ ಒಪ್ಪಂದದ ಪ್ರಕಾರ ಸುಧಾರಣೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೆಡಿಕೇರ್ ನಿಲ್ಲಿಸುವಂತಿಲ್ಲ. ಇರುವ ಶಕ್ತಿ ಉಳಿಸಿಕೊಳ್ಳಲು, ಕುಸಿತ ನಿಧಾನ ಮಾಡಲು ನುರಿತವರ ಕೈ ಬೇಕಿದ್ದರೂ ಸೇವೆ ಸಿಗಬೇಕು. ನಿಲ್ಲಿಸುವುದಕ್ಕೆ ಕನಿಷ್ಠ 2 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಅದರಲ್ಲಿ ಮೇಲ್ಮನವಿಯ ನಂಬರ್ ಇರುತ್ತದೆ. ಸೇವೆ ನಿಲ್ಲುತ್ತದೆ ಎಂದು ನೋಟಿಸಿನಲ್ಲಿ ಬರೆದ ತಾರೀಖಿನ ಹಿಂದಿನ ದಿನ ಮಧ್ಯಾಹ್ನ 12ರ ಒಳಗೆ ಆ ನಂಬರಿಗೆ ಫೋನ್ ಮಾಡಿ, ಡಾಕ್ಟರಿಗೂ ಅವತ್ತೇ ತಿಳಿಸಿ.