ಮೊದಲ ಬೇಟೆ ರೈಫಲ್ ಕೊಳ್ಳುವವರಿಗೆ

ಅಮೆರಿಕದಲ್ಲಿ ಬೇಟೆ ಕಲಿಯುತ್ತಿರುವ ಗೆಳೆಯರೇ, ಒಂದೇ ರೈಫಲ್‌ಗೆ ಸಾಕಾಗುವಷ್ಟು ಹಣವಿದ್ದರೆ .308 ವಿಂಚೆಸ್ಟರ್ ಗುಂಡಿನ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವಂಥದ್ದು) ತೆಗೆದುಕೊಳ್ಳಿ. ಸ್ಯಾವೇಜ್ ಆಕ್ಸಿಸ್, ರುಗರ್ ಅಮೆರಿಕನ್ ಎರಡೂ ಕೈಗೆಟಕುವ ಬೆಲೆಯವು. ನಿಖರತೆಗೂ ಒಳ್ಳೆಯ ಹೆಸರಿದೆ. ಜಿಂಕೆ, ಕಾಡುಹಂದಿ, ಹತ್ತಿರದಲ್ಲಿದ್ದರೆ ಎಲ್ಕ್ ಎಂಬ ದೊಡ್ಡ ಜಿಂಕೆಗೂ ಸಾಕು. 1952ರಿಂದ ಮಾರುಕಟ್ಟೆಯಲ್ಲಿರುವ ಗುಂಡು ಇದು, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಸಣ್ಣ ಗುಂಡಿನ .22 ರೈಫಲ್ ಅಗ್ಗ, ಹಗುರ. ಮೊಲ, ಅಳಿಲಿಗೆ ಸರಿ. ಆದರೆ ಅದರಿಂದ ದಯವಿಟ್ಟು ಜಿಂಕೆಗೆ ಹೊಡೆಯಬೇಡಿ. ಪ್ರಾಣಿ ಗಾಯಗೊಂಡು ಓಡಿ ನರಳುತ್ತದೆ, ಬಹುತೇಕ ರಾಜ್ಯಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಉಳಿಸಿದ ಹಣವನ್ನು ಒಳ್ಳೆಯ ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನು), ಅಭ್ಯಾಸದ ಗುಂಡುಗಳಿಗೆ ಬಳಸಿ. ಎಚ್‌1ಬಿ ವೀಸಾದಲ್ಲಿರುವವರು ಮೊದಲು ಬೇಟೆ ಪರವಾನಗಿ ಪಡೆಯಿರಿ. ಸಾಮಾನ್ಯವಾಗಿ ಅದಿಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ.